ಸೇವಾಗ್ರಾಮದ ಮಣ್ಣಿನ ಮನೆಗಳನ್ನು ನೋಡಿಬರುವ ಬಗೆ

ಮಹಾರಾಷ್ಟ್ರದ ವರ್ಧಾ ಪಕ್ಕದ ಸೇವಾಗ್ರಾಮ ಆಶ್ರಮಕ್ಕೆ ಹೋದವರಲ್ಲಿ ಬಹಳ ಮಂದಿ ಮುಕ್ಕಾಲು ಗಂಟೆಯಲ್ಲಿ ನೋಡಿ ಮುಗಿಸಿ ಹೊರಬರುತ್ತಾರೆ. ತಗ್ಗು ಸೂರಿನ ಕೆಲವು ಮನೆಗಳು, ಒಂದು ಚರಕ, ಚಾಪೆ, ಊರುಗೋಲು, ಮರಗಳ ನೆರಳು. ಗಾಂಧೀಜಿಯ ವಸ್ತುಗಳ ಮುಂದೆ ಫೋಟೋ ತೆಗೆದುಕೊಳ್ಳುವ ಆಸೆಯಿಂದ ಹೋದರೆ ಅಲ್ಲಿ ಅಷ್ಟೇ ಸಿಗುವುದು. ಗೋಡೆ, ಸೂರು, ನೆಲ, ಹೆಂಚು ಇವನ್ನೇ ನೋಡಲು ಹೋದರೆ ಅರ್ಧ ದಿನವೂ ಸಾಲುವುದಿಲ್ಲ. ಯಾಕೆಂದರೆ ಗಾಂಧೀಜಿ ತಮ್ಮ ಹಳ್ಳಿಯ ಚಿಂತನೆಯನ್ನು ಬರೆದಿಟ್ಟದ್ದಕ್ಕಿಂತ ಸ್ಪಷ್ಟವಾಗಿ ಇಲ್ಲಿ ಕಟ್ಟಿಟ್ಟಿದ್ದಾರೆ. ಈ ಬರಹ ಹೋಗುವ ದಾರಿಯನ್ನೂ, ಹೋದ ಮೇಲೆ ಆ ಕಟ್ಟಡಗಳನ್ನು ಕಣ್ಣಿಟ್ಟು ನೋಡುವ ಕ್ರಮವನ್ನೂ ಹೇಳುತ್ತದೆ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. 1930ರ ಮಾರ್ಚ್ 12ರಂದು ದಂಡಿಯಾತ್ರೆಗೆ ಹೊರಟ ಗಾಂಧೀಜಿ ಸ್ವರಾಜ್ಯ ಸಿಗುವವರೆಗೆ ಸಾಬರಮತಿ ಆಶ್ರಮಕ್ಕೆ ಮರಳುವುದಿಲ್ಲ ಎಂದರು. ಸೆರೆಮನೆ, ಹರಿಜನ ಪ್ರವಾಸ ಎಲ್ಲ ಆದ ಮೇಲೆ ವರ್ಧಾದ ಉದ್ಯಮಿ ಜಮನಾಲಾಲ್ ಬಜಾಜ್ ಅವರ ಕರೆಯಂತೆ ವರ್ಧಾಕ್ಕೆ ಬಂದು ಮಗನವಾಡಿಯಲ್ಲಿ ಉಳಿದರು. ಅಲ್ಲಿಂದ 1936ರ ಏಪ್ರಿಲ್ 30ರಂದು ಸೇಗಾಂವ್ ಎಂಬ ಹಳ್ಳಿಗೆ ಬಂದರು. ಅವರ ಶಿಷ್ಯೆ ಮೀರಾಬೆನ್ ಅದಾಗಲೇ ಅಲ್ಲಿದ್ದರು. ಮನೆ ಇನ್ನೂ ಆಗಿರಲಿಲ್ಲ. ಮೇ ತಿಂಗಳಲ್ಲಿ ಗಾಂಧೀಜಿ ವಿಶ್ರಾಂತಿಗೆಂದು ನಮ್ಮ ನಂದಿಬೆಟ್ಟಕ್ಕೆ ಬಂದಿದ್ದು, ಜೂನ್ ನಡುವಿನಲ್ಲಿ ಮಳೆ ಹಿಡಿದಾಗ ಸೇಗಾಂವ್‌ಗೆ ಮರಳಿ ನೆಲೆ ನಿಂತರು. ಮುಂದಿನ ಹತ್ತು ವರ್ಷ ಅದೇ ಅವರ ಮನೆ.

ಟಿಕೆಟ್ ತೆಗೆಯುವಾಗಲೇ ಆಗುವ ತಪ್ಪು

ಅದೇ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ ಶೇಗಾಂವ್ ಇದೆ. ಗಜಾನನ ಮಹಾರಾಜರ ಸಮಾಧಿಯ ಊರು, ದೊಡ್ಡ ಯಾತ್ರಾಸ್ಥಳ. ಗಾಂಧೀಜಿಗೆ ಬಂದ ಪತ್ರಗಳು ಅಲ್ಲಿಗೆ ಹೋಗುತ್ತಿದ್ದವೆಂದೇ 1940ರಲ್ಲಿ ಸೇಗಾಂವ್ ಸೇವಾಗ್ರಾಮವಾಯಿತು. ಹೆಸರು ಬದಲಾದರೂ ಗೊಂದಲ ಹೋಗಿಲ್ಲ. ರೈಲ್ವೆಯಲ್ಲಿ ಶೇಗಾಂವ್‌ನ ಸಂಕೇತ ಎಸ್‌ಇಜಿ, ಸೇವಾಗ್ರಾಮದ್ದು ಎಸ್‌ಇಜಿಎಂ. ಮೊಬೈಲಿನಲ್ಲಿ ಮೊದಲ ಮೂರು ಅಕ್ಷರ ಒತ್ತಿ, ಮೇಲೆ ಬಂದದ್ದನ್ನು ಆರಿಸಿದರೆ ಇನ್ನೂರು ಕಿಲೋಮೀಟರಿಗೂ ದೂರದ ಊರಲ್ಲಿ ಇಳಿಯುತ್ತೀರಿ. ನಾಲ್ಕನೆಯ ಅಕ್ಷರ ನೋಡಿಯೇ ಹಣ ಕಟ್ಟಿ.

ಎರಡನೆಯದು, ಸೇವಾಗ್ರಾಮ ಎಂಬ ನಿಲ್ದಾಣ ಆಶ್ರಮದ ಬಾಗಿಲಲ್ಲಿಲ್ಲ. ಅದು ಹಿಂದಿನ ವರ್ಧಾ ಈಸ್ಟ್, ವರ್ಧಾ ಪಟ್ಟಣದ ಅಂಚಿನಲ್ಲೇ ಇದೆ. ಅಲ್ಲಿಂದಲೂ, ವರ್ಧಾ ಜಂಕ್ಷನ್ನಿನಿಂದಲೂ ಆಟೋ ಹಿಡಿಯಲೇಬೇಕು. ವರ್ಧಾ ಪಟ್ಟಣದಿಂದ ಆಶ್ರಮ ಸುಮಾರು 8 ಕಿ.ಮೀ.

ಬೆಂಗಳೂರಿನಿಂದ ಹೋಗುವವರು ಬಲ್ಹಾರ್ಷಾ, ನಾಗಪುರ ಮಾರ್ಗವಾಗಿ ಉತ್ತರಕ್ಕೆ ಹೋಗುವ ರೈಲು ನೋಡಬೇಕು. ಕರ್ನಾಟಕ ಎಕ್ಸ್‌ಪ್ರೆಸ್ ಹೆಸರು ನೋಡಿ ಹತ್ತಬೇಡಿ, ಅದು ಸೊಲ್ಲಾಪುರ, ಮನ್ಮಾಡ್ ಕಡೆಯಿಂದ ಹೋಗುತ್ತದೆ. ಬಲ್ಹಾರ್ಷಾ ದಾರಿಯ ಎಲ್ಲ ವೇಗದ ಗಾಡಿಗಳೂ ಸೇವಾಗ್ರಾಮದಲ್ಲಿ ನಿಲ್ಲುವುದಿಲ್ಲ. ನಿಲ್ಲದಿದ್ದರೆ ನಾಗಪುರಕ್ಕೆ ಟಿಕೆಟ್ ಮಾಡಿ, ಅಲ್ಲಿಂದ ಇನ್ನೊಂದು ರೈಲಿನಲ್ಲೋ ಎಸ್‌ಟಿ (ಸರ್ಕಾರಿ) ಬಸ್ಸಿನಲ್ಲೋ ಸುಮಾರು 75 ಕಿ.ಮೀ. ಹಿಂದಕ್ಕೆ ಬರುವುದು ಸುಲಭ. ಬಸ್ಸಿಗೆ ಎರಡು ಗಂಟೆ ಹಿಡಿಯಿರಿ. ವಿಮಾನದಲ್ಲಿ ಬರುವವರಿಗೂ ನಾಗಪುರವೇ. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಮೀರಜ್‌ನಲ್ಲಿ ಕೊಲ್ಲಾಪುರ–ಗೋಂದಿಯಾ ಮಹಾರಾಷ್ಟ್ರ ಎಕ್ಸ್‌ಪ್ರೆಸ್ ಸಿಗುತ್ತದೆ. ಪುಣೆ, ಮನ್ಮಾಡ್, ಅಕೋಲಾ ಸುತ್ತಿ ಬರುವುದರಿಂದ ಸುಮಾರು ಒಂದು ದಿನದ ಪಯಣ, ಆದರೆ ವರ್ಧಾದಲ್ಲೇ ಇಳಿಯಬಹುದು. ಕಲಬುರಗಿ, ಬೀದರ್ ಕಡೆಯವರು ಸಿಕಂದರಾಬಾದಿಗೆ ಹೋಗಿ ಕಾಜಿಪೇಟೆ, ಬಲ್ಹಾರ್ಷಾ ಮಾರ್ಗ ಹಿಡಿಯುವುದು ಒಳ್ಳೆಯದು.

ವರ್ಧಾದಿಂದ ಹೊರಡುವ ಶೇರ್ ಆಟೋಗಳಲ್ಲಿ ಹೆಚ್ಚಿನವು ಸೇವಾಗ್ರಾಮದ ಕಸ್ತೂರಬಾ ಆಸ್ಪತ್ರೆಗೆ ಹೋಗುವಂಥವು. ಬರಿದೇ ಸೇವಾಗ್ರಾಮ ಎಂದರೆ ಅಲ್ಲೇ ಇಳಿಸುತ್ತಾರೆ. ಹಾಗಾದರೆ ಗಾಬರಿ ಬೇಡ, ಆಶ್ರಮ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಗಂಟುಮೂಟೆ ಇದ್ದರೆ ಮಾತ್ರ ಹತ್ತುವಾಗಲೇ "ಬಾಪು ಕುಟಿ" ಎಂದು ಹೇಳಿ.

ಯಾವ ತಿಂಗಳು

ನವೆಂಬರಿನಿಂದ ಫೆಬ್ರವರಿ ನಡುವಿನವರೆಗೆ ಹವೆ ಚೆನ್ನಾಗಿರುತ್ತದೆ. ಬೆಳಗಿನ ಚಳಿಗೆ ಒಂದು ಶಾಲು ಬೇಕು. ಏಪ್ರಿಲ್, ಮೇನಲ್ಲಿ ವಿದರ್ಭದ ಬಿಸಿಲು 45 ಡಿಗ್ರಿ ದಾಟುವುದುಂಟು. ಆ ಕಾಲದಲ್ಲಿ ಹೋಗಲೇಬೇಕಾದರೆ ಬೆಳಗ್ಗೆ ಹತ್ತರೊಳಗೆ ಮತ್ತು ಸಂಜೆ ಐದರ ಮೇಲೆ ಮಾತ್ರ ಓಡಾಡಿ. ಅಕ್ಟೋಬರ್ 2 ಮತ್ತು ಜನವರಿ 30ರಂದು ಜನಸಂದಣಿ, ಭಾಷಣ, ಬಂದೋಬಸ್ತು. ಮನೆಗಳನ್ನು ಸಾವಕಾಶವಾಗಿ ನೋಡಬೇಕೆನ್ನುವವರಿಗೆ ಆ ಎರಡು ದಿನ ಹೊಂದುವುದಿಲ್ಲ.

ಕಟ್ಟಡದ ಕೆಲಸ ಕಲಿಯುವವರು, ಮಣ್ಣಿನ ಮನೆ ಕಟ್ಟುವ ಮನಸ್ಸುಳ್ಳವರು ಆಗಸ್ಟಿನಲ್ಲಿ ಹೋಗಿ ಎಂಬುದು ನಮ್ಮ ಸಲಹೆ. ಪ್ರಯಾಣ ತುಸು ಕಷ್ಟ, ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆಗೊಂದು ಸೇರು ಭಾರವಾಗುತ್ತದೆ. ಆದರೆ ಸೂರಿನ ನೀರು ಎಲ್ಲಿ ಬೀಳುತ್ತದೆ, ಗೋಡೆ ಎಲ್ಲಿಯವರೆಗೆ ತೇವವಾಗುತ್ತದೆ, ಎಲ್ಲಿ ತಟ್ಟಿ ಕಟ್ಟಿ ಮರೆ ಮಾಡಬೇಕಾಗುತ್ತದೆ ಎಂಬುದೆಲ್ಲ ಮಳೆಯಲ್ಲಿ ಕಣ್ಣಿಗೆ ಕಾಣುತ್ತದೆ. ಡಿಸೆಂಬರಿನಲ್ಲಿ ಅದನ್ನು ಊಹಿಸಿಕೊಳ್ಳಬೇಕು.

ಐದು ಮೈಲಿ ದಾರಿಯಲ್ಲಿ ನೋಡಬೇಕಾದದ್ದು

1937ರ ಜನವರಿಯಲ್ಲಿ 'ಹರಿಜನ' ಪತ್ರಿಕೆಯಲ್ಲಿ ಗಾಂಧೀಜಿ ಆದರ್ಶ ಹಳ್ಳಿಯ ಬಗ್ಗೆ ಬರೆದರು. ಅಲ್ಲಿನ ಮನೆಗಳಲ್ಲಿ ಸಾಕಷ್ಟು ಗಾಳಿ ಬೆಳಕು ಇರಬೇಕು, ಸಾಮಗ್ರಿ ಐದು ಮೈಲಿಯ ಒಳಗೆ ಸಿಗುವಂಥದ್ದಾಗಿರಬೇಕು ಎಂಬುದು ಅದರಲ್ಲೊಂದು ಮಾತು. ಐದು ಮೈಲಿ ಎಂದರೆ 8 ಕಿ.ಮೀ., ಅಂದರೆ ನೀವು ವರ್ಧಾದಿಂದ ಆಟೋದಲ್ಲಿ ಬರುವಷ್ಟೇ ದೂರ. ಆದ್ದರಿಂದ ನೋಟ ಆಶ್ರಮದ ಒಳಗಿನಿಂದ ಶುರುವಾಗದೆ ಈ ದಾರಿಯಿಂದಲೇ ಶುರುವಾಗಲಿ.

ಹೊಲಗಳ ಮಣ್ಣು ಕಪ್ಪು, ಹತ್ತಿಯ ಸೀಮೆ. ವಿಜಯಪುರ, ಧಾರವಾಡ ಕಡೆಯವರಿಗೆ ಈ ಮಣ್ಣಿನ ಸ್ವಭಾವ ಹೇಳಿಕೊಡಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇದನ್ನೇ ಹಾಗೆಯೇ ಗೋಡೆಗೆ ಹಾಕಿದರೆ ಮೊದಲ ಬೇಸಿಗೆಯಲ್ಲೇ ಸೀಳಿಕೊಳ್ಳುತ್ತದೆ. ಅದಕ್ಕೇ ದಖ್ಖನದ ಹಳ್ಳಿಗರು ಬೆಳೆಯ ನೆಲದ ಕರಿಮಣ್ಣನ್ನೂ ಊರು ಕೂತಿರುವ ನೆಲದ ಬಿಳಿಮಣ್ಣನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಮರಾಠಿಯಲ್ಲಿ ಕಾಳಿ, ಪಾಂಢರಿ. ಮನೆಗೆ ಬೇಕಾದದ್ದು ಪಾಂಢರಿ. ದಾರಿಯಲ್ಲಿ ಹಳೆಯ ಮನೆ ಕಂಡರೆ ಅದರ ಗೋಡೆಯ ಬಣ್ಣವನ್ನು ಪಕ್ಕದ ಹೊಲದ ಬಣ್ಣದೊಡನೆ ಹೋಲಿಸಿ ನೋಡಿ. ಬಿದಿರು, ಈಚಲು, ಕೈಯಲ್ಲಿ ತಟ್ಟಿದ ನಾಡಹೆಂಚಿನ ಮಾಡು ಇವೂ ಅಲ್ಲಲ್ಲಿ ಕಾಣಬಹುದು. ಇಷ್ಟು ಕಂಡ ಮೇಲೆ ಬಾಪು ಕುಟಿಯ ಸಾಮಗ್ರಿ ಪಟ್ಟಿ ನಿಮಗೆ ಗೊತ್ತಾದಂತೆಯೇ.

ಒಳಗೆ ಯಾವ ಕ್ರಮದಲ್ಲಿ ನಡೆಯಬೇಕು

ಬಾಗಿಲಿನಿಂದ ಕಂಡಕಂಡ ಮನೆಗೆ ನುಗ್ಗುವ ಬದಲು ಕಟ್ಟಿದ ಕಾಲಕ್ರಮದಲ್ಲಿ ನೋಡಿದರೆ ಕಥೆ ತಾನಾಗಿ ಕೂಡಿಕೊಳ್ಳುತ್ತದೆ. ಫಲಕಗಳು ಇವೆ, ಹುಡುಕುವುದು ಕಷ್ಟವಲ್ಲ.

ಮೊದಲು ಆದಿ ನಿವಾಸ. 1936ರಲ್ಲಿ ಕಟ್ಟಿದ ಮೊದಲ ಮನೆ ಇದೇ. ಗಾಂಧೀಜಿ, ಕಸ್ತೂರಬಾ, ಆಶ್ರಮವಾಸಿಗಳು, ಬಂದುಹೋಗುವ ಅತಿಥಿಗಳು ಎಲ್ಲ ಒಂದೇ ಸೂರಿನಡಿ. ಇಲ್ಲಿ ನಿಂತಾಗ ಆ ಜಾಗದ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅಷ್ಟು ಜನ ಎಲ್ಲಿ ಮಲಗುತ್ತಿದ್ದರು, ಎಲ್ಲಿ ಬರೆಯುತ್ತಿದ್ದರು ಎಂದು ಲೆಕ್ಕ ಹಾಕಿ. ಆಮೇಲೆ ಬಾ ಕುಟಿಗೆ ಹೋಗಿ. ಗಂಡಸರಿಂದ ತುಂಬಿದ ಆ ಒಂದೇ ಮನೆಯಲ್ಲಿ ಕಸ್ತೂರಬಾ ಅವರಿಗೆ ಆಗುತ್ತಿದ್ದ ಇಕ್ಕಟ್ಟು ನೋಡಿ ಜಮನಾಲಾಲ್ ಕಟ್ಟಿಸಿಕೊಟ್ಟ ಪುಟ್ಟ ಮನೆ ಅದು. ಆದಿ ನಿವಾಸ ನೋಡದೆ ಬಾ ಕುಟಿ ನೋಡಿದವರಿಗೆ ಅದು ಯಾಕೆ ಇದೆ ಎಂಬುದೇ ತಿಳಿಯುವುದಿಲ್ಲ.

ಮೂರನೆಯದು ಬಾಪು ಕುಟಿ. ಇದು ಮೂಲದಲ್ಲಿ ಮೀರಾಬೆನ್ ಅವರ ಮನೆ. ಬ್ರಿಟಿಷ್ ನೌಕಾದಳದ ಅಧಿಕಾರಿಯ ಮಗಳಾದ ಅವರು (ಮೂಲ ಹೆಸರು ಮೆಡಲಿನ್ ಸ್ಲೇಡ್) ಸುತ್ತಲಿನ ಹಳ್ಳಿಗರ ಕಟ್ಟುವ ರೀತಿಯನ್ನೇ ಹಿಡಿದು ಇದನ್ನು ರೂಪಿಸಿದರು. ಗಾಂಧೀಜಿ ನಂತರ ಇಲ್ಲಿಗೆ ಬಂದರು, ಅಗತ್ಯ ಬಂದಂತೆ ಮನೆ ಬೆಳೆಯಿತು. ಗೋಡೆಯ ಮೇಲೆ ಮಣ್ಣಿನಲ್ಲೇ ಉಬ್ಬಾಗಿ ಎತ್ತಿದ ತಾಳೆಜಾತಿಯ ಮರ, ಚರಕ, ಓಂ ಮೀರಾಬೆನ್ ಕೈಕೆಲಸ. ಬಣ್ಣ ಬಳಿದ ಚಿತ್ರ ಎಂದುಕೊಂಡು ದಾಟಿಬಿಡುವವರೇ ಹೆಚ್ಚು. ಪಕ್ಕದಿಂದ, ಬೆಳಕು ಓರೆಯಾಗಿ ಬೀಳುವ ಕಡೆ ನಿಂತರೆ ಉಬ್ಬು ಕಾಣುತ್ತದೆ. ಗಾಂಧೀಜಿ ಕೂರುವ ಜಾಗ, ಕೆಳಮಟ್ಟದ ಮೇಜು, ರೋಗಿಗಳನ್ನು ಹತ್ತಿರವಿಟ್ಟುಕೊಂಡು ನೋಡಿಕೊಳ್ಳುತ್ತಿದ್ದ ಭಾಗ, ಸ್ನಾನದ ಮನೆ, ಶೌಚಾಲಯ ಎಲ್ಲವನ್ನೂ ನೋಡಿ. ಶೌಚಾಲಯವನ್ನು ಬಿಟ್ಟು ಬರಬೇಡಿ. ಅದೂ ಉಳಿದ ಕೋಣೆಗಳಷ್ಟೇ ಚೊಕ್ಕ, ಅಷ್ಟೇ ಯೋಚಿಸಿ ಮಾಡಿದ್ದು. ಸ್ವಚ್ಛತೆಯ ಬಗ್ಗೆ ಗಾಂಧೀಜಿ ಆಡಿದ ಮಾತಿಗೆಲ್ಲ ಸಾಕ್ಷಿ ಅಲ್ಲಿದೆ.

ಪಕ್ಕದ ದಫ್ತರಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಕಾಲದಲ್ಲಿ ಹಾಕಿಸಿದ ಟೆಲಿಫೋನಿನ ಜಾಗವಿದೆ, ಹಾವನ್ನು ಕೊಲ್ಲದೆ ಹಿಡಿದು ದೂರ ಬಿಡಲು ಬಳಸುತ್ತಿದ್ದ ಇಕ್ಕಳ, ಪೆಟ್ಟಿಗೆಗಳಿವೆ. 1942ರ ಜುಲೈ 14ರಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಬ್ರಿಟಿಷರು ಭಾರತ ಬಿಡಬೇಕೆಂಬ ನಿರ್ಣಯ ಮಾಡಿದ್ದು ಇಲ್ಲೇ ವರ್ಧಾದಲ್ಲಿ. ಸಗಣಿ ಸಾರಿಸಿದ ನೆಲದ ಮೇಲೆ ಕೂತು ಸಾಮ್ರಾಜ್ಯದ ಜೊತೆ ವ್ಯವಹರಿಸಿದ ಕಚೇರಿ ಇದು ಎಂಬುದನ್ನು ಮಕ್ಕಳನ್ನು ಕರೆದುಕೊಂಡು ಹೋದವರು ಹೇಳಲೇಬೇಕು.

ಪರಚುರೆ ಕುಟಿಯನ್ನು ತಪ್ಪಿಸಬೇಡಿ. ಕುಷ್ಠರೋಗ ಹಿಡಿದಿದ್ದ ಸಂಸ್ಕೃತ ಪಂಡಿತ ಪರಚುರೆ ಶಾಸ್ತ್ರಿಗಳಿಗೆ ಆಶ್ರಮದೊಳಗೇ ಇದನ್ನು ಕಟ್ಟಿ, ಗಾಂಧೀಜಿ ತಾವೇ ಶುಶ್ರೂಷೆ ಮಾಡಿದರು. ಮನೆಯಿಂದ ಮನೆಗೆ ಎಷ್ಟು ಹೆಜ್ಜೆ ಎಂದು ಗಮನಿಸಿ. ಕುಷ್ಠ ಎಂದರೆ ಊರಾಚೆ ಎಂದಿದ್ದ ಕಾಲ ಅದು. ಮಹಾದೇವ ಕುಟಿ, ಕಿಶೋರ ನಿವಾಸಗಳನ್ನು ಸಮಯವಿದ್ದಷ್ಟು ನೋಡಿ. ಕೊನೆಯಲ್ಲಿ ಆಖರಿ ನಿವಾಸ. ಜಮನಾಲಾಲ್ ತಮಗಾಗಿ ಕಟ್ಟಿಸಿದ್ದ ಮನೆಯಿದು. ಗಾಂಧೀಜಿ ಸೇವಾಗ್ರಾಮದ ಕೊನೆಯ ದಿನಗಳನ್ನು ಇಲ್ಲಿ ಕಳೆದು 1946ರ ಆಗಸ್ಟಿನಲ್ಲಿ ಹೊರಟರು. ನೌಖಾಲಿ, ಬಿಹಾರ, ಕಲ್ಕತ್ತಾ, ದೆಹಲಿ. ಮತ್ತೆ ಮರಳಲು ಆಗಲಿಲ್ಲ.

ಚಪ್ಪಲಿ ಹೊರಗೇ ಬಿಡಬೇಕು. ಫೋಟೋದ ಬಗ್ಗೆ ಪ್ರತಿ ಮನೆಯ ಫಲಕ ನೋಡಿ, ಇಲ್ಲವೇ ಅಲ್ಲಿರುವ ಕಾರ್ಯಕರ್ತರನ್ನು ಕೇಳಿ. ಹಿಂದಿ ಬಂದರೆ ಸಾಕು. ಎಲ್ಲಕ್ಕಿಂತ ಮುಖ್ಯ, ಗೋಡೆಗೆ ಒರಗಬೇಡಿ. ಬೆನ್ನಿನ ಚೀಲದ ಜಿಪ್ಪು, ಬಕಲ್ಲು ಒಮ್ಮೆ ಉಜ್ಜಿದರೆ ಮಣ್ಣಿನ ಮೇಲ್ಪದರ ಕಿತ್ತುಬರುತ್ತದೆ. ದಿನಕ್ಕೆ ನೂರು ಜನ ಒರಗಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಚೀಲವನ್ನು ಎದೆಯ ಕಡೆಗೆ ಹಾಕಿಕೊಳ್ಳಿ. ಮಕ್ಕಳಿಗೆ ಗೋಡೆ ಕೆರೆಯುವ ಚಪಲ ಇರುತ್ತದೆ, ಒಳಗೆ ಹೋಗುವ ಮೊದಲೇ ಹೇಳಿಡಿ.

ಮಣ್ಣಿನ ಮನೆಯನ್ನು ಓದುವುದು

ಇದಕ್ಕೆ ಒಂದೇ ಮನೆಯನ್ನು ಆರಿಸಿಕೊಳ್ಳಿ, ಬಾಪು ಕುಟಿಯಾದರೆ ಉತ್ತಮ. ನೋಟ ಮೇಲಿನಿಂದ ಕೆಳಕ್ಕೆ ಬರಲಿ, ಮಳೆಯ ನೀರು ಇಳಿಯುವ ದಾರಿಯಲ್ಲೇ.

ಮಾಡಿನಲ್ಲಿ ಇರುವುದು ಅರೆಗೊಳವೆಯಾಕಾರದ ನಾಡಹೆಂಚು. ಒಂದು ಸಾಲು ಅಂಗಾತ, ಅದರ ಅಂಚುಗಳ ಮೇಲೆ ಇನ್ನೊಂದು ಸಾಲು ಬೋರಲು. ಮಂಗಳೂರು ಹೆಂಚಿಗೆ ಇರುವ ಕಚ್ಚು ಇದಕ್ಕಿಲ್ಲ, ಭಾರದಿಂದಲೇ ಕೂರುತ್ತದೆ. ಹಾಗಾಗಿ ಕೋತಿ ಓಡಾಡಿದರೆ, ಗಾಳಿಗೆ ಕೊಂಬೆ ಬಿದ್ದರೆ ಜರುಗುತ್ತದೆ. ಒಂದು ಹೆಂಚು ಜರುಗಿದರೂ ನೀರು ಬಿದಿರಿಗೆ, ಬಿದಿರಿನಿಂದ ಗೋಡೆಯ ತಲೆಗೆ ಇಳಿಯುತ್ತದೆ. ಮಣ್ಣಿನ ಗೋಡೆ ಹಾಳಾಗುವುದು ಬಹುಮಟ್ಟಿಗೆ ಹೀಗೆಯೇ. ಆದ್ದರಿಂದ ನಾಡಹೆಂಚಿನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಕೈಯಾಡಿಸುವುದು ವರ್ಷವರ್ಷದ ಕೆಲಸ. ಇದರ ಗುಣವೂ ಅದೇ ಸಡಿಲಿನಲ್ಲಿದೆ. ಹೆಂಚುಗಳ ನಡುವಿನ ಸಂದಿಯಿಂದ ಒಳಗಿನ ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತದೆ.

ಸೂರನ್ನು ನೋಡಿ. ತಲೆ ಬಗ್ಗಿಸಿ ಒಳಹೋಗುವಷ್ಟು ತಗ್ಗು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದೆ. ಅದರ ಕೆಳಗೆ ಸುತ್ತಲೂ ಜಗಲಿ. ವಿನಯ ಕಲಿಸಲು ಸೂರು ತಗ್ಗಿಸಿದ್ದಾರೆಂದು ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ಕಾರಣ ಬಿಸಿಲು, ಮಳೆ. ಓರೆ ಬಿಸಿಲು ಗೋಡೆಗೆ ತಾಗಬಾರದು, ಇರಚಲು ಗೋಡೆಯನ್ನು ಮುಟ್ಟಬಾರದು. ಮಣ್ಣಿನ ಮನೆ ತಂಪಾಗಿರುವುದು ಗೋಡೆಯ ದಪ್ಪದಿಂದ ಎಂದು ಮಾತ್ರ ತಿಳಿದವರು ಇಲ್ಲಿ ಜಗಲಿಯ ಪಾಲನ್ನು ಗಮನಿಸಬೇಕು. ಗೋಡೆಯನ್ನು ಬಿಸಿಲಿಗೆ ಕಾಯಲು ಬಿಡದಿರುವುದೇ ಮೊದಲ ಉಪಾಯ. ಪರೀಕ್ಷೆಗೆ, ಬಿಸಿಲಿನಲ್ಲಿ ಐದು ನಿಮಿಷ, ಜಗಲಿಯಲ್ಲಿ ಐದು ನಿಮಿಷ, ಒಳಗೆ ಐದು ನಿಮಿಷ ನಿಲ್ಲಿ. ಹೊರಗಿನಿಂದ ಜಗಲಿಗೆ ಬಂದಾಗ ಆಗುವ ವ್ಯತ್ಯಾಸ ಮತ್ತು ಜಗಲಿಯಿಂದ ಒಳಗೆ ಹೋದಾಗ ಆಗುವ ವ್ಯತ್ಯಾಸ, ಇವೆರಡರಲ್ಲಿ ಯಾವುದು ದೊಡ್ಡದು ಎಂದು ನಿಮ್ಮ ಮೈಯೇ ಹೇಳುತ್ತದೆ.

ಗೋಡೆಯಲ್ಲಿ ಕಣ್ಣು ಹಾಯಿಸಬೇಕಾದದ್ದು ಬುಡದ ಒಂದೂವರೆ ಅಡಿಗೆ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವುದು ಅಷ್ಟು ಎತ್ತರಕ್ಕೆ. ಮಣ್ಣು ಕರಗುವುದೂ, ಹೊಸ ಗಿಲಾವಿನ ತೇಪೆ ಕಾಣುವುದೂ ಅಲ್ಲಿಯೇ. ಮಳೆಗಾಲದಲ್ಲಿ ಗಾಳಿ ಬೀಸುವ ಕಡೆಗೆ ತಟ್ಟಿ ಕಟ್ಟುವುದೂ ಇದಕ್ಕಾಗಿ. ಮಲೆನಾಡಿನಲ್ಲಿ ಅಡಕೆ ಸೋಗೆಯ ಜಡಿ ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಇದು ಹೊಸತಲ್ಲ. ಮುಂದೆ ಕಂಬಗಳ ಬುಡ, ಬಾಗಿಲು ಚೌಕಟ್ಟಿನ ಕೆಳತುದಿ ನೋಡಿ. ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೀಟು ಮೇಲೆ ಹತ್ತಿದ್ದರೆ ಅದು ಗೆದ್ದಲಿನ ದಾರಿ. ಮಣ್ಣಿನ ಮನೆಗೆ ಮಳೆಯ ನಂತರದ ದೊಡ್ಡ ಶತ್ರು ಗೆದ್ದಲು. ಮರ, ಬಿದಿರು ನೇರ ನೆಲಕ್ಕೆ ತಾಗಿದ್ದರೆ ಒಳಗಿನಿಂದಲೇ ತಿಂದು, ಗೊತ್ತಾಗುವ ಹೊತ್ತಿಗೆ ಟೊಳ್ಳಾಗಿರುತ್ತದೆ.

ಇಂಥ ಮನೆಗಳನ್ನು ಉಳಿಸುವ ಆತುರದಲ್ಲಿ ಬೇರೆಡೆ ಜನ ಮಾಡುವ ದೊಡ್ಡ ತಪ್ಪು, ಮೇಲೆ ಸಿಮೆಂಟು ಬಳಿಯುವುದು. ನೋಡಲು ಗಟ್ಟಿ. ಆದರೆ ಮಣ್ಣು ತೇವ ಹೀರಿ ಬಿಡುತ್ತ, ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಸಿಮೆಂಟಿನ ಪದರಕ್ಕೆ ಆ ಗುಣವಿಲ್ಲ. ಬುಡದಿಂದ ಏರಿದ ತೇವ ಅದರ ಹಿಂದೆ ಸಿಕ್ಕಿಕೊಂಡು ಮಣ್ಣು ಮೆತ್ತಗಾಗುತ್ತದೆ, ಕೆಲವು ವರ್ಷದಲ್ಲಿ ಸಿಮೆಂಟು ಹಪ್ಪಳೆಯಾಗಿ, ಒಳಗಿನ ಗೋಡೆಯನ್ನೂ ಹೊತ್ತುಕೊಂಡು ಬೀಳುತ್ತದೆ. ಸೇವಾಗ್ರಾಮದ ಮನೆಗಳು ಇಷ್ಟು ವರ್ಷ ನಿಂತಿರುವುದಕ್ಕೆ ಮಣ್ಣಿಗೆ ಮಣ್ಣನ್ನೇ ಹಚ್ಚುತ್ತ ಬಂದ ಕೈಗಳು ಕಾರಣ. ಅವು ಸ್ಮಾರಕಗಳಂತೆ ಒಮ್ಮೆ ಕಟ್ಟಿ ಬಿಟ್ಟವಲ್ಲ.

ಅಂದಹಾಗೆ, ಸಾಬರಮತಿ ನೋಡಿ ಬಂದವರು ಎರಡನ್ನೂ ಹೋಲಿಸುತ್ತಾರೆ. ಅಲ್ಲಿ ಗಾಂಧೀಜಿ ಇದ್ದ ಹೃದಯಕುಂಜವೂ ಸರಳ ಮನೆಯೇ, ಆದರೆ ಇಟ್ಟಿಗೆಯದ್ದು, ದೊಡ್ಡ ನಗರದ ನದಿದಂಡೆಯದ್ದು. ಹಳ್ಳಿಯ ಸಾಮಗ್ರಿಯಲ್ಲಿ ಹಳ್ಳಿಯ ಕೈ ಕಟ್ಟಿದ್ದನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು.

ಪ್ರಾರ್ಥನೆ, ವಸತಿ, ಊಟ

ಪ್ರಾರ್ಥನೆ ದಿನಕ್ಕೆರಡು ಸಲ, ಬೆಳಗಿನ ಜಾವ ಮತ್ತು ಸಂಜೆ. ವೇಳೆ ಋತುವಿನೊಂದಿಗೆ ಬದಲಾಗುತ್ತದೆ, ತಲುಪಿದ ಕೂಡಲೇ ಕೇಳಿಟ್ಟುಕೊಳ್ಳಿ. ಗಾಂಧೀಜಿ ನೆಟ್ಟ ಅರಳಿಮರದ ಬಳಿಯ ಬಯಲಲ್ಲಿ ನೆಲದ ಮೇಲೆ ಕೂತು ನಡೆಯುವ ಸರ್ವಧರ್ಮ ಪ್ರಾರ್ಥನೆ ಅದು. ಜಪಾನಿನ ಬೌದ್ಧ ಮಂತ್ರ "ನಮ್ ಮ್ಯೋಹೋ ರೆಂಗೆ ಕ್ಯೋ" ಕೇಳಿ ಅಚ್ಚರಿಪಡಬೇಡಿ, ಸೇವಾಗ್ರಾಮಕ್ಕೆ ಬಂದಿದ್ದ ಜಪಾನೀ ಭಿಕ್ಷುಗಳಿಂದ ಅದು ಇಲ್ಲಿ ಸೇರಿತು. ಉಪನಿಷತ್ತು, ಗೀತೆಯ ಸ್ಥಿತಪ್ರಜ್ಞ ಲಕ್ಷಣ, ಕುರಾನಿನ ಪ್ರಾರ್ಥನೆ, ಆಶ್ರಮದ ಹನ್ನೊಂದು ನಿಯಮಗಳ ಏಕಾದಶ ವ್ರತ ಇವೆಲ್ಲ ಬರುತ್ತವೆ. ಗೊತ್ತಿದ್ದರೆ ದನಿಗೂಡಿಸಿ, ಇಲ್ಲದಿದ್ದರೆ ಕೇಳಿ. ನಡುವೆ ಎದ್ದು ಹೋಗುವುದು, ಮೊಬೈಲು ಹಿಡಿದು ಚಿತ್ರೀಕರಿಸುವುದು ಬೇಡ. ಇದು ಪ್ರವಾಸಿಗರಿಗಾಗಿ ನಡೆಯುವ ಪ್ರದರ್ಶನ ಅಲ್ಲ, ಅಲ್ಲಿರುವವರ ದಿನಚರಿ.

ಎರಡೂ ಪ್ರಾರ್ಥನೆ ಸಿಗಬೇಕಾದರೆ ಒಂದು ರಾತ್ರಿ ಉಳಿಯಬೇಕು. ಆಶ್ರಮದ ಎದುರಿಗೇ ಯಾತ್ರಿ ನಿವಾಸ ಇದೆ. ಮುಂಚಿತವಾಗಿ ಕೇಳಿಕೊಂಡೇ ಹೋಗಿ, ಶಿಬಿರ, ಸಮ್ಮೇಳನಗಳಿದ್ದಾಗ ತುಂಬಿರುತ್ತದೆ. ಕೋಣೆ ಸಾದಾ. ಸ್ವಂತ ಹೊದಿಕೆ, ಸೋಪು, ಟಾರ್ಚು, ಸೊಳ್ಳೆಗೆ ಏನಾದರೂ ಒಯ್ಯಿರಿ. ಹೆಚ್ಚು ಅನುಕೂಲ ಬೇಕಾದವರಿಗೆ ವರ್ಧಾದಲ್ಲಿ ಲಾಡ್ಜುಗಳಿವೆ, ಆದರೆ ಬೆಳಗಿನ ಜಾವದ ಪ್ರಾರ್ಥನೆಗೆ ಅಲ್ಲಿಂದ ಆಟೋ ಸಿಗುವ ನಂಬಿಕೆ ಬೇಡ. ವರ್ಧಾ ಜಿಲ್ಲೆಯಲ್ಲಿ ಪಾನನಿಷೇಧವಿದೆ ಎಂಬುದನ್ನೂ ನೆನಪಿಡಿ.

ಊಟ ಸಸ್ಯಾಹಾರ. ಜ್ವಾರಿಯ ಭಾಕರಿ, ಪಿಠಲೆ ಸಿಕ್ಕರೆ ತಿನ್ನಿ, ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಝುಣಕದ ರುಚಿಯೇ. ಊಟದ ವೇಳೆ ಮೀರಿದರೆ ಏನೂ ಸಿಗದೆ ಇರಬಹುದು. ವರ್ಧಾಕ್ಕೆ ಮರಳಿದಾಗ ಗೋರಸ ಭಂಡಾರದ ಗೋರಸಪಾಕ್ ಕಟ್ಟಿಸಿಕೊಳ್ಳಿ, ಹಸುವಿನ ತುಪ್ಪದ ಬಿಸ್ಕತ್ತಿನಂಥ ತಿನಿಸು, ರೈಲು ಪ್ರಯಾಣಕ್ಕೆ ಕೆಡುವುದಿಲ್ಲ.

ಎರಡನೆಯ ದಿನವಿದ್ದರೆ ವರ್ಧಾದ ಮಗನ್ ಸಂಗ್ರಹಾಲಯ ಮತ್ತು ಪವನಾರ್ ಸಾಕು. ಸಂಗ್ರಹಾಲಯವನ್ನು 1938ರ ಡಿಸೆಂಬರ್ 30ರಂದು ಗಾಂಧೀಜಿಯೇ ತೆರೆದರು. ಗ್ರಾಮೋದ್ಯೋಗದ ಸಲಕರಣೆಗಳನ್ನು, ಚರಕದ ಬಗೆಗಳನ್ನು ಅಲ್ಲಿ ನೋಡಿದರೆ ಆಶ್ರಮದ ಮನೆಗಳ ಹಿಂದಿನ ಲೆಕ್ಕಾಚಾರ ಇನ್ನೂ ತಿಳಿಯಾಗುತ್ತದೆ. ಪವನಾರ್ ನಾಗಪುರ ರಸ್ತೆಯಲ್ಲಿ, ಧಾಮ್ ನದಿಯ ದಂಡೆಯಲ್ಲಿದೆ, ವಿನೋಬಾ 1959ರಲ್ಲಿ ಮಹಿಳೆಯರಿಗಾಗಿ ಸ್ಥಾಪಿಸಿದ ಬ್ರಹ್ಮವಿದ್ಯಾ ಮಂದಿರ ಅಲ್ಲಿ ನಡೆಯುತ್ತಿದೆ. ನಾಗಪುರದಿಂದ ಮರಳುವವರು ಪವನಾರ್ ಅನ್ನು ಕೊನೆಗೆ ಇಟ್ಟುಕೊಂಡರೆ ಅಲ್ಲಿಂದಲೇ ಬಸ್ಸು ಹಿಡಿಯಬಹುದು.

ಊರಿಗೆ ಬಂದು ಗೋಡೆಗೆ ಕೈ ಹಾಕುವವರಿಗೆ

ಸೇವಾಗ್ರಾಮ ನೋಡಿ ಬಂದವರಲ್ಲಿ ಕೆಲವರಿಗೆ ತೋಟದ ಮನೆಯ ಒಂದು ಗೋಡೆಗಾದರೂ ಮಣ್ಣಿನ ಗಿಲಾವು ಮಾಡುವ ಆಸೆ ಹುಟ್ಟುತ್ತದೆ. ಒಳ್ಳೆಯ ಆಸೆ. ನೇರ ಗೋಡೆಗೆ ಹೋಗುವ ಮೊದಲು ಮಣ್ಣನ್ನು ಪರೀಕ್ಷಿಸಿ. ಮೇಲಿನ ಒಂದಡಿ ಗೊಬ್ಬರದ ಮಣ್ಣು ತೆಗೆದು, ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ತುಂಬಿ, ಉಳಿದದ್ದಕ್ಕೆ ನೀರು ಹಾಕಿ, ಚಿಟಿಕೆ ಉಪ್ಪು ಬೆರೆಸಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ನುಣುಪು ಮಣ್ಣು ಕೆಲವು ಗಂಟೆಯಲ್ಲಿ, ಜೇಡಿ ಕೂರಲು ಒಂದು ದಿನವೋ ಹೆಚ್ಚೋ ಬೇಕು. ಜೇಡಿಯ ಪದರ ಒಟ್ಟಿನಲ್ಲಿ ಐದರಲ್ಲೊಂದು ಪಾಲಿನ ಆಸುಪಾಸಿದ್ದರೆ ಗಿಲಾವಿಗೆ ಸರಿ. ಎರೆಮಣ್ಣಾದರೆ ಜೇಡಿ ಬಹಳ ಹೆಚ್ಚಿರುತ್ತದೆ, ಅದನ್ನು ಒಂಟಿಯಾಗಿ ಬಳಸಬೇಡಿ. ಒಂದು ಬುಟ್ಟಿಗೆ ಎರಡು ಬುಟ್ಟಿ ಮರಳಿನಿಂದ ಶುರುಮಾಡಿ, ಇಲ್ಲವೇ ಬೇರೆ ಮಣ್ಣು ತನ್ನಿ.

ಜರಡಿ ಹಿಡಿದ ಮಣ್ಣು ಮತ್ತು ಮರಳಿನ ಮೂರು ಬುಟ್ಟಿಗೆ ಒಂದು ಬುಟ್ಟಿ ಕತ್ತರಿಸಿದ ಹುಲ್ಲು, ಅರ್ಧ ಬುಟ್ಟಿ ಸಗಣಿ. ಹುಲ್ಲು ಎರಡು ಬೆರಳು ಉದ್ದಕ್ಕಿಂತ ಹೆಚ್ಚಿರಬಾರದು. ಗುಂಡಿಯಲ್ಲಿ ನೀರು ಹಾಕಿ ತುಳಿದು ಐದಾರು ದಿನ ಕೊಳೆಯಲು ಬಿಡಿ, ದಿನಕ್ಕೊಮ್ಮೆ ತುಳಿಯಿರಿ. ಹುಳಿ ವಾಸನೆ ಬಂದು, ಅಂಟು ಬಂದಾಗ ಹದ. ಆತುರಕ್ಕೆ ಅದೇ ದಿನ ಬಳಿದರೆ ಹುಲ್ಲು ಎದ್ದು ನಿಲ್ಲುತ್ತದೆ, ಹಿಡಿತ ಬರುವುದಿಲ್ಲ.

ಮೊದಲು ಗೋಡೆಯ ಕಾಣದ ಮೂಲೆಯಲ್ಲಿ ಒಂದಡಿ ಚೌಕದ ಮೂರು ತೇಪೆ ಹಾಕಿ, ಮೂರರಲ್ಲೂ ಮರಳಿನ ಪಾಲು ಬೇರೆಯಿರಲಿ. ಒಂದು ವಾರ ಒಣಗಿಸಿ. ಬಿರುಕು ಬಿಟ್ಟರೆ ಮರಳು ಸಾಲದು, ಕೈ ಉಜ್ಜಿದರೆ ಪುಡಿ ಉದುರಿದರೆ ಮರಳು ಹೆಚ್ಚಾಯಿತು. ಗೆದ್ದ ತೇಪೆಯ ಅಳತೆಯಲ್ಲೇ ಮುಂದುವರಿಯಿರಿ. ಗೋಡೆಗೆ ನೀರು ಚಿಮುಕಿಸಿ ಮೊದಲ ಪದರ ಸುಮಾರು 15 ಮಿ.ಮೀ., ಅದು ಪೂರ್ತಿ ಒಣಗಿದ ಮೇಲೆ ನುಣುಪಾದ ಎರಡನೆಯದು 5 ಮಿ.ಮೀ. ಎರಡನೆಯದಕ್ಕೆ ಹುಲ್ಲಿನ ಬದಲು ಸಣ್ಣ ಹೊಟ್ಟು ಬಳಸಿ. ಹೆಬ್ಬೆರಳು ಒತ್ತಿದರೆ ಗುರುತು ಮಾತ್ರ ಬೀಳುವ ಹದದಲ್ಲಿ ಮರದ ಹಲಗೆಯಿಂದ ಉಜ್ಜಿದರೆ ಕೂದಲೆಳೆ ಬಿರುಕು ಮುಚ್ಚುತ್ತದೆ. ನೇರ ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿ ಇಳಿಬಿಡಿ, ಬೇಗ ಒಣಗಿದ್ದೇ ಬಿರಿಯುವುದು. ಕೆಲಸಕ್ಕೆ ಕೈ ಹಾಕುವ ಕಾಲ ದೀಪಾವಳಿಯ ನಂತರ, ಮಳೆ ಪೂರ್ತಿ ನಿಂತ ಮೇಲೆ. ಗೋಡೆಯ ಮುಂದೆ ಕನಿಷ್ಠ ಎರಡೂವರೆ ಅಡಿ ಸೂರು ಚಾಚಿರದಿದ್ದರೆ ಮೊದಲು ಸೂರನ್ನು ಸರಿಮಾಡಿ, ಗಿಲಾವು ಆಮೇಲೆ.